ಭಿತರ್‌ಕನಿಕಾಕ್ಕೆ ಹೋಗೋ ಮುಂಚೆ ಗೋಡೆ ಕ್ಯಾಲೆಂಡರ್ ನೋಡಿ

ದಾವಣಗೆರೆಯಲ್ಲಿ ಹಕ್ಕಿ ನೋಡೋ ಹುಚ್ಚಿರುವ ನಮ್ಮಂಥವರಿಗೆ ಒಂದೇ ಲೆಕ್ಕ: ಹೊತ್ತು ಹುಟ್ಟೋಕೆ ಮುಂಚೆ ಕೊಂಡಜ್ಜಿ ಕೆರೆ ಏರಿ ಮೇಲಿರಬೇಕು. ಒಡಿಶಾದ ಮೊಸಳೆ ಕಾಡು ಭಿತರ್‌ಕನಿಕಾದಲ್ಲಿ ಈ ಲೆಕ್ಕ ನಡೆಯಲ್ಲ. ಬ್ರಾಹ್ಮಣಿ, ಬೈತರಣಿ ನದಿಗಳು ಸಮುದ್ರ ಸೇರುವ ಜಾಗ ಅದು. ಉಬ್ಬರ ಬಂದರೆ ಕಾಲುವೆಗಳೆಲ್ಲ ತುಂಬಿ ಮರದ ಬುಡದವರೆಗೂ ನೀರು, ಇಳಿತಕ್ಕೆ ಎರಡೂ ಕಡೆ ಬರೀ ಕೆಸರಿನ ದಡ. ಮೊಸಳೆ ಬಿಸಿಲಿಗೆ ಮಲಗೋದು ಆ ದಡದ ಮೇಲೆ.

ಹಾಗಾಗಿ ನಾನು ರಜೆ ಹಾಕಿದ್ದು ಗೋಡೆ ಕ್ಯಾಲೆಂಡರ್ ನೋಡಿ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನೀರು ಜಾಸ್ತಿ ಏರುತ್ತೆ, ಜಾಸ್ತಿ ಇಳಿಯುತ್ತೆ, ದಡ ಚೆನ್ನಾಗಿ ತೆರೆದುಕೊಳ್ಳುತ್ತೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತಿರುತ್ತೆ, ಅದನ್ನು ಹತ್ತಿರದ ಧಾಮ್ರಾ ಬಂದರಿನ ಹೆಸರು ಹಾಕಿ ಮೊಬೈಲಿನಲ್ಲೇ ನೋಡಿಕೊಳ್ಳಬಹುದು. ಒಳಗಿನ ಕಾಲುವೆಗಳಲ್ಲಿ ಸ್ವಲ್ಪ ತಡ ಆಗುತ್ತೆ, ಅದಕ್ಕೆ ದೋಣಿಯವರ ಮಾತೇ ಕೊನೆ. ನೀರು ತುಂಬಿದಾಗ ಸಣ್ಣ ಕಾಲುವೆಗಳಿಗೆ ಹೋಗಿ, ಇಳಿಯೋ ಹೊತ್ತಿಗೆ ದೊಡ್ಡ ಹೊಳೆಗೆ ವಾಪಸ್ ಬರಬೇಕು. ಉಲ್ಟಾ ಮಾಡಿದರೆ ದೋಣಿ ಕೆಸರಿಗೆ ಕೂರುತ್ತೆ.

ಹೋಗೋದು ಕಷ್ಟ ಏನಲ್ಲ. ಹುಬ್ಬಳ್ಳಿಯಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ಭುವನೇಶ್ವರದಲ್ಲಿ ಇಳಿದೆ, ಅಲ್ಲಿಂದ ರಸ್ತೆ ಮೇಲೆ ಚಾಂದಬಾಲಿ, ಮುಂದೆ ದೋಣಿ. (ನಮ್ಮೂರವರಿಗೆ ಒಂದು ಸಮಾಧಾನ, ಅಲ್ಲೂ ಜನ ಬೆಳಿಗ್ಗೆಯೇ ಮಂಡಕ್ಕಿ ತಿಂತಾರೆ.)

ನಮ್ಮ ತುಂಗಭದ್ರೆಯಲ್ಲಿರೋದು ಸಿಹಿನೀರಿನ ಮೊಸಳೆ. ಇಲ್ಲಿಯದು ಉಪ್ಪುನೀರಿನ ಜಾತಿ, 20 ಅಡಿ ದಾಟುವಂಥವೂ ಇವೆ. ಕಾಂಡ್ಲಾ (ಮ್ಯಾಂಗ್ರೋವ್) ಮರಗಳ ಉಸಿರಾಡೋ ಬೇರುಗಳು ಕೆಸರಿನಿಂದ ಮೊಳೆ ಹೊಡೆದ ಹಾಗೆ ಮೇಲಕ್ಕೆ ಎದ್ದಿರುತ್ತವೆ. ಅದರ ನಡುವೆ ಅದೇ ಬಣ್ಣದ ಮೊಸಳೆ, ಅಲ್ಲಾಡಲ್ಲ. ಕಣ್ಣು ಪಳಗೋವರೆಗೂ ಪಕ್ಕದಲ್ಲೇ ಇದ್ದರೂ ಕಾಣಲ್ಲ. ನಾನು ಮೊಸಳೆ ಹುಡುಕೋದು ಬಿಟ್ಟು, ಕೆಸರಿನಲ್ಲಿ ಜಾರಿದ ಗುರುತು ಹುಡುಕೋಕೆ ಶುರು ಮಾಡಿದೆ. ನುಣುಪಾದ, ಅಗಲವಾದ, ನೀರಿನವರೆಗೂ ಇಳಿದ ಪಟ್ಟಿ ಕಂಡರೆ ಅಲ್ಲೇ ಎಂಜಿನ್ ನಿಲ್ಲಿಸಿ ಕಾಯೋದು. ಜಿಂಕೆ, ಉಡ, ಬಗೆಬಗೆಯ ಮಿಂಚುಳ್ಳಿ, ಕೆಸರಲ್ಲಿ ಜಿಗಿಯೋ ಮೀನು, ಇವೆಲ್ಲ ಹೀಗೆ ಕಾಯುವಾಗಲೇ ಸಿಕ್ಕವು.

1970ರ ದಶಕದಲ್ಲಿ ಇಲ್ಲಿ ನೂರು ಮೊಸಳೆಯೂ ಇರಲಿಲ್ಲ ಅಂದರೆ ನಂಬೋಕಾಗಲ್ಲ. ಮುಂಚೆ ಇದು ಕನಿಕಾ ರಾಜರ ಬೇಟೆ ಕಾಡು, 1952ರಲ್ಲಿ ಜಮೀನ್ದಾರಿ ಹೋದಾಗ ಸರ್ಕಾರಕ್ಕೆ ಬಂತು. 1975ರಲ್ಲಿ ಅಭಯಾರಣ್ಯ ಆಯಿತು, ಅದೇ ವರ್ಷ ಕಾಡಿನೊಳಗಿನ ಡಂಗ್‌ಮಾಲ್‌ನಲ್ಲಿ ಮೊಟ್ಟೆ ತಂದು ಮರಿ ಮಾಡಿಸಿ ಹೊಳೆಗೆ ಬಿಡೋ ಕೆಲಸ ಶುರುವಾಯಿತು. ಈಗ ಗಣತಿಯಲ್ಲಿ 1,700ಕ್ಕೂ ಜಾಸ್ತಿ ಸಿಗುತ್ತವೆ. ಒಳಗಿನ 145 ಚದರ ಕಿ.ಮೀ. 1998ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು. ಅದರ ಮರುವರ್ಷವೇ ದೊಡ್ಡ ಚಂಡಮಾರುತ. ಭಿತರ್‌ಕನಿಕಾ ಇರೋ ಕೇಂದ್ರಪಾಡಾ ಜಿಲ್ಲೆಯಲ್ಲಿ ಕಾಂಡ್ಲಾ ಕಾಡು ಉಳಿದಿದ್ದ ಕಡೆ ಹಳ್ಳಿಗಳಲ್ಲಿ ಸಾವು ಕಡಿಮೆ ಆಗಿತ್ತು. ಮೊಸಳೆಗೆ ಅಂತ ಉಳಿಸಿದ ಕಾಡು ಜನರನ್ನೂ ಕಾಪಾಡಿತು, ಅಲ್ವಾ?

ಒಂದು ತಕರಾರು ಇದೆ. ಭದ್ರಾ ನಾಲೆ ಗದ್ದೆಗಳಲ್ಲಿ ಬಸವನಹುಳು ಹುಡುಕೋ ಬಾಯ್ಕಳಕ ಹಕ್ಕಿ ನಾವೆಲ್ಲ ನೋಡಿದ್ದೇ. ಅದು ಅಲ್ಲಿ ಬಗಗಹನ ಅನ್ನೋ ಹಕ್ಕಿಗಳ ತಾಣದಲ್ಲಿ ಸಾವಿರಗಟ್ಟಲೆ ಗೂಡು ಕಟ್ಟೋದು ಮಳೆಗಾಲದಲ್ಲಿ. ಮೊಸಳೆ ಚೆನ್ನಾಗಿ ಕಾಣೋದು ಚಳಿಗಾಲದಲ್ಲಿ. ಎರಡೂ ಒಂದೇ ಸಲ ಸಿಗಲ್ಲ. ಮೇಯಿಂದ ಜುಲೈ ಕೊನೆವರೆಗೆ ಮೊಸಳೆ ಮೊಟ್ಟೆ ಇಡೋ ಕಾಲ, ಉದ್ಯಾನ ಮುಚ್ಚಿರುತ್ತೆ. ಜನವರಿಯಲ್ಲಿ ಗಣತಿಗೆ ಅಂತ ಕೆಲವು ದಿನ ಬಿಡಲ್ಲ, ಟಿಕೆಟ್ ತೆಗೆಯೋಕೆ ಮುಂಚೆ ಫೋನ್ ಮಾಡಿ ಕೇಳಿ. ಗೂಡುಗಳಿಗೆ ಅಂತಲೇ ನಾನು ಆಗಸ್ಟ್‌ನಲ್ಲಿ ಇನ್ನೊಮ್ಮೆ ಹೋಗೋನಿದ್ದೀನಿ, ಮಳೆಯಲ್ಲಿ ಕ್ಯಾಮೆರಾ ನೆನೆಯದ ಹಾಗೆ ನೋಡಿಕೊಳ್ಳೋದೇ ಈಗಿನ ತಲೆನೋವು.