ಟೆಂಟ್ ಹಾಕುವ ಮೊದಲು ಕೊನೆಯ ರೈಲಿನ ಸಮಯ ನೋಡಿ

ದೊಡ್ಡ ನಗರವೊಂದನ್ನು ನೋಡಲು ಹೋಗಿ ಅದರ ಹೊರವಲಯದಲ್ಲಿ ಟೆಂಟ್ ಹಾಕಿ ತಂಗುವವರು ಸಾಮಾನ್ಯವಾಗಿ ಮೊದಲು ಕ್ಯಾಂಪ್‌ಸೈಟ್ ಆರಿಸಿಕೊಂಡು ಆಮೇಲೆ ಬಸ್ಸು ಹುಡುಕುತ್ತಾರೆ. ಈ ಕ್ರಮವನ್ನು ತಿರುವುಮುರುವು ಮಾಡುವುದು ಒಳ್ಳೆಯದು. ಮೆಟ್ರೊ, ಟ್ರಾಮ್ ಮತ್ತು ಉಪನಗರ ರೈಲುಗಳ ನಕ್ಷೆಯನ್ನು ಮುಂದಿಟ್ಟುಕೊಂಡು, ಪ್ರತಿ ಮಾರ್ಗದ ಕೊನೆಯ ಕೆಲವು ನಿಲ್ದಾಣಗಳನ್ನು ಗುರುತಿಸಿ, ಅವುಗಳಿಂದ ಒಂದೆರಡು ಕಿಲೋಮೀಟರ್ ಒಳಗಿರುವ ತಾಣಗಳನ್ನಷ್ಟೇ ಪರಿಶೀಲಿಸಿ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಉಚಿತ ಆನ್‌ಲೈನ್ ನಕ್ಷೆಯಲ್ಲಿ ಕ್ಯಾಂಪ್‌ಸೈಟ್ ತೋರಿಸುವ ಟೆಂಟಿನ ಗುರುತೂ ನಿಲ್ದಾಣಗಳೂ ಒಟ್ಟಿಗೆ ಕಾಣುವುದರಿಂದ ಈ ಕೆಲಸ ಸುಲಭವಾಗುತ್ತದೆ. ದೋಣಿಯ ಮಾರ್ಗಗಳನ್ನೂ ಮರೆಯಬೇಡಿ. ವೆನಿಸ್‌ಗೆ ಹೋಗುವವರು ಖಾರಿಯ ದಡದ ಫುಸೀನಾದಲ್ಲಿ ತಂಗಿ ದೋಣಿಯಲ್ಲೇ ನಗರ ಸೇರಬಹುದು.

‘ನಿಲ್ದಾಣಕ್ಕೆ ಸಮೀಪ’ ಎಂಬ ಜಾಹೀರಾತಿನ ಮಾತನ್ನು ಮಾತ್ರ ಹಾಗೆಯೇ ನಂಬಬಾರದು. ನಕ್ಷೆಯಲ್ಲಿ ಕೂಗಳತೆಯಲ್ಲಿ ಕಾಣುವ ನಿಲ್ದಾಣಕ್ಕೂ ನಿಮಗೂ ನಡುವೆ ಹೆದ್ದಾರಿಯೋ ನದಿಯೋ ಇದ್ದರೆ, ಸೇತುವೆಯವರೆಗೆ ಸುತ್ತಿ ಬರಬೇಕಾಗುತ್ತದೆ. ಆದ್ದರಿಂದ ನಡಿಗೆಯ ದಾರಿಯನ್ನೇ ಹಾಕಿ ದೂರ ಅಳೆಯಿರಿ, ಕಾಲುದಾರಿ ಮತ್ತು ಬೀದಿದೀಪಗಳಿವೆಯೇ ಎಂಬುದನ್ನು ಉಪಗ್ರಹ ಚಿತ್ರ ಅಥವಾ ರಸ್ತೆಯ ಫೋಟೊಗಳಲ್ಲಿ ನೋಡಿಕೊಳ್ಳಿ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ರಾತ್ರಿಯ ಕೊನೆಯ ಗಾಡಿ. ಹಗಲಿನಲ್ಲಿ ಹದಿನೈದು ನಿಮಿಷಕ್ಕೊಮ್ಮೆ ಬರುವ ಬಸ್ಸು ಸಂಜೆಯ ನಂತರ, ಅದರಲ್ಲೂ ಭಾನುವಾರ, ನಿಂತೇ ಹೋಗಬಹುದಾದ್ದರಿಂದ, ನೀವು ಹೋಗುವ ದಿನಾಂಕವನ್ನೇ ನಮೂದಿಸಿ ಹಿಂದಿರುಗುವ ಪ್ರಯಾಣವನ್ನು ಹುಡುಕಿ. ಕ್ಯಾಂಪ್‌ಸೈಟ್‌ನ ಗೇಟು ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂಬುದನ್ನೂ ಕೇಳಿ. ಟಿಕೆಟ್ ದರವು ವಲಯಗಳಾಗಿ ಹಂಚಿಹೋಗಿರುವ ನಗರಗಳಲ್ಲಿ, ದಿನದ ಪಾಸು ನಿಮ್ಮ ನಿಲ್ದಾಣದವರೆಗೂ ಸಲ್ಲುತ್ತದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ. ಹಳಿಗೆ ತೀರಾ ಅಂಟಿಕೊಂಡ ಜಾಗವಾದರೆ ನಿದ್ದೆಯ ಆಸೆ ಬಿಡಬೇಕು. ಟೆಂಟಿನ ಬಟ್ಟೆ ಸದ್ದನ್ನು ತಡೆಯುವುದಿಲ್ಲ.