ಎಂಟೇ ಅಕ್ಷರದ ಪಾಸ್‌ವರ್ಡ್, ಆಮೇಲೆ ಎಸ್‌ಎಸ್‌ಎಚ್ ಸುರಂಗ

ನಾನು ಕೆಲಸ ಮಾಡುವ ಲಿನಕ್ಸ್ ಯಂತ್ರ ಇರುವುದು ದೂರದಲ್ಲಿ. ಅದಕ್ಕೆ ಮಾನಿಟರ್ ಇಲ್ಲ, ಕೀಬೋರ್ಡೂ ಇಲ್ಲ. ಮುಕ್ಕಾಲು ಪಾಲು ಕೆಲಸ ಟರ್ಮಿನಲ್‌ನಲ್ಲೇ ಮುಗಿಯುತ್ತದೆ, ಆದರೆ ದೊಡ್ಡ ಗ್ರಾಫ್‌ಗಳನ್ನು ಹಿಗ್ಗಿಸಿ ನೋಡಬೇಕೆಂದರೆ ಪರದೆ ಬೇಕೇ ಬೇಕು.

ಮೊದಲು ಎಸ್‌ಎಸ್‌ಎಚ್‌ನ (ದೂರದ ಯಂತ್ರಕ್ಕೆ ಗೂಢಲಿಪಿಯಲ್ಲಿ ಸಂಪರ್ಕ ಕೊಡುವ ವ್ಯವಸ್ಥೆ) ಎಕ್ಸ್11 ಫಾರ್ವರ್ಡಿಂಗ್ ಹಿಡಿದೆ: ಪ್ರೋಗ್ರಾಮ್ ಓಡುವುದು ಅಲ್ಲಿ, ಅದರ ಕಿಟಕಿ ಕಾಣುವುದು ಇಲ್ಲಿ. ಸಣ್ಣಪುಟ್ಟ ಕಿಟಕಿಗಳಿಗೆ ಅಡ್ಡಿಯಿಲ್ಲ. ಆದರೆ ಪ್ರೋಗ್ರಾಮ್ ಮತ್ತು ಪರದೆ ಪ್ರತಿಯೊಂದಕ್ಕೂ ಒಂದನ್ನೊಂದು ಕೇಳಿಕೊಳ್ಳುತ್ತಿರುವುದರಿಂದ, ದೂರ ಹೆಚ್ಚಿದಷ್ಟೂ ಮೆನು ತೆರೆಯುವುದು ತಡ. ಅದಕ್ಕಿಂತ ನೋವಾದದ್ದು, ನೆಟ್ ಕಡಿದಾಗ ಪ್ರೋಗ್ರಾಮೂ ಸತ್ತುಹೋದದ್ದು. ಅರ್ಧ ದಿನದ ಲೆಕ್ಕಾಚಾರ ಹಾಗೆ ಹೋಯಿತು.

ಆಗ ದೂರದ ಪರದೆಯನ್ನು ತೋರಿಸುವ ವಿಎನ್‌ಸಿಗೆ ಬಂದೆ. ಡೆಸ್ಕ್‌ಟಾಪ್ ಅಲ್ಲೇ ಓಡುತ್ತಿರುತ್ತದೆ, ನಮಗೆ ಬರುವುದು ಅದರ ಚಿತ್ರ ಮಾತ್ರ. ಟೈಗರ್‌ವಿಎನ್‌ಸಿ ಎಂಬ ವಿಎನ್‌ಸಿ ಸರ್ವರ್ ಜೊತೆಗೆ ಹಗುರವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಹಾಕಿದೆ. ಮೊದಲ ಸಲ ಬರೀ ಬೂದು ಪರದೆ: ವಿಎನ್‌ಸಿ ಶುರುವಾದಾಗ ಓಡುವ ಎಕ್ಸ್‌ಸ್ಟಾರ್ಟ್‌ಅಪ್ ಫೈಲಿನಲ್ಲಿ ಡೆಸ್ಕ್‌ಟಾಪ್ ಶುರುಮಾಡುವ ಸಾಲೇ ಇರಲಿಲ್ಲ. ಅದನ್ನು ಸೇರಿಸಿದೆ, ಫೈರ್‌ವಾಲ್‌ನಲ್ಲಿ ವಿಎನ್‌ಸಿಯ ಪೋರ್ಟ್ (ನೆಟ್‌ವರ್ಕ್ ಬಾಗಿಲು) 5901 ತೆರೆದೆ, ಉದ್ದನೆಯ ಪಾಸ್‌ವರ್ಡ್ ಕೊಟ್ಟೆ. ಎಲ್ಲ ಸರಿಯಾಯಿತು ಎಂದುಕೊಂಡೆ.

ಒಂದು ದಿನ ಲಾಗ್ ತೆರೆದರೆ ಗುರುತಿಲ್ಲದ ವಿಳಾಸಗಳು ಸಾಲುಗಟ್ಟಿ ಬಾಗಿಲು ತಟ್ಟಿದ್ದವು. ಅನುಮಾನ ಬಂದು ನನ್ನ ಪಾಸ್‌ವರ್ಡಿನ ಮೊದಲ ಎಂಟು ಅಕ್ಷರ ಮಾತ್ರ ಒತ್ತಿ ಎಂಟರ್ ಕೊಟ್ಟೆ. ಡೆಸ್ಕ್‌ಟಾಪ್ ತೆರೆದುಕೊಂಡಿತು! ವಿಎನ್‌ಸಿಯ ಹಳೆಯ ದೃಢೀಕರಣ ಎಂಟಕ್ಕಿಂತ ಮುಂದಿನ ಅಕ್ಷರಗಳನ್ನು ಗಣನೆಗೇ ತೆಗೆದುಕೊಳ್ಳುವುದಿಲ್ಲ. ಅದೇ ಪದ್ಧತಿಯಲ್ಲಿ ಒಳಹೊಕ್ಕ ಮೇಲೆ ಪರದೆಯ ಚಿತ್ರ, ನಾವು ಒತ್ತುವ ಕೀಲಿ ಎಲ್ಲವೂ ಮುಚ್ಚುಮರೆಯಿಲ್ಲದೆ ಹರಿಯುತ್ತವೆ. ಆ ಪರದೆಯಲ್ಲಿ ನಾನು ಏನೇನು ಪಾಸ್‌ವರ್ಡ್ ಟೈಪ್ ಮಾಡಿದ್ದೆನೋ ಅಷ್ಟನ್ನೂ ಅಂದೇ ಬದಲಿಸಿದೆ.

ಫೈರ್‌ವಾಲ್‌ನಲ್ಲಿ 5901 ಮುಚ್ಚಿ, ವಿಎನ್‌ಸಿ ಸರ್ವರನ್ನು ಲೋಕಲ್‌ಹೋಸ್ಟ್ (ಆ ಯಂತ್ರದ ಒಳಗಿನಿಂದ ಮಾತ್ರ ಸಂಪರ್ಕ) ಆಯ್ಕೆಯೊಂದಿಗೆ ಮತ್ತೆ ಎಬ್ಬಿಸಿದೆ. ತೆರೆದ ಪೋರ್ಟ್‌ಗಳ ಪಟ್ಟಿಯಲ್ಲಿ ಮುಂಚೆ 0.0.0.0:5901 (ಹೊರಗಿನವರಿಗೂ ತೆರೆದದ್ದು) ಎಂದು ಕಾಣುತ್ತಿದ್ದ ಜಾಗದಲ್ಲಿ ಈಗ 127.0.0.1:5901 (ಆ ಯಂತ್ರಕ್ಕೆ ಮಾತ್ರ). ಈ ಸಾಲನ್ನು ಕಣ್ಣಾರೆ ನೋಡದೆ ಮುಂದೆ ಹೋಗಬೇಡಿ. ಸೆಟ್ಟಿಂಗ್ ಬರೆದದ್ದಕ್ಕೂ ಅದು ಜಾರಿಯಾದದ್ದಕ್ಕೂ ವ್ಯತ್ಯಾಸವಿದೆ. ಆಮೇಲೆ ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್‌ನ ಲೋಕಲ್ ಫಾರ್ವರ್ಡಿಂಗ್ ಬಳಸಿ, ಇಲ್ಲಿಯ 5901ನ್ನು ಅಲ್ಲಿಯ 5901ಕ್ಕೆ ಜೋಡಿಸಿದೆ. ಇದೇ ಸುರಂಗ, ಇದರೊಳಗೆ ಹರಿಯುವುದೆಲ್ಲ ಗೂಢಲಿಪಿಯಲ್ಲಿ. ಲ್ಯಾಪ್‌ಟಾಪಿನಲ್ಲಿ ಪರದೆ ತೋರಿಸುವ ಪ್ರೋಗ್ರಾಮ್, ಅಂದರೆ ವ್ಯೂವರ್‌ಗೆ ಕೊಡುವ ವಿಳಾಸ ಲೋಕಲ್‌ಹೋಸ್ಟ್:1 ಅಷ್ಟೆ. ಕೊನೆಯ 1 ಡಿಸ್‌ಪ್ಲೇ ಸಂಖ್ಯೆ, ಅಂದರೆ ಎಷ್ಟನೇ ವಿಎನ್‌ಸಿ ಪರದೆ ಎಂಬುದು. 5900ಕ್ಕೆ ಡಿಸ್‌ಪ್ಲೇ ಸಂಖ್ಯೆ ಕೂಡಿಸಿದರೆ ಪೋರ್ಟ್, ಹಾಗಾಗಿ ಎರಡನೇ ಡಿಸ್‌ಪ್ಲೇಗೆ 5902.

ಈಗ ಹೊರಗೆ ಕಾಣುವ ಬಾಗಿಲು ಎಸ್‌ಎಸ್‌ಎಚ್ ಒಂದೇ ಆದ್ದರಿಂದ ಅದನ್ನೂ ಬಿಗಿ ಮಾಡಿದೆ: ಇಡಿ25519 ಬಗೆಯ ಕೀಲಿಜೋಡಿ (ಪಾಸ್‌ವರ್ಡ್ ಬದಲು ಗುರುತು ತೋರಿಸುವ ಫೈಲುಗಳು) ಮಾಡಿ, ಕೀಲಿಯಿಂದ ಲಾಗಿನ್ ಆಗುತ್ತದೆಂದು ಖಾತ್ರಿಯಾದ ಮೇಲೆ ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿದೆ. ಆ ಹೊತ್ತಿನಲ್ಲಿ ಇನ್ನೊಂದು ಟರ್ಮಿನಲ್‌ನಲ್ಲಿ ಹಳೆಯ ಸಂಪರ್ಕವನ್ನು ತೆರೆದೇ ಇಟ್ಟುಕೊಂಡಿದ್ದೆ. ದೂರದ ಯಂತ್ರದಿಂದ ನಾವೇ ಹೊರಗುಳಿದರೆ ಒಳಗೆ ಬಿಡಲು ಅಲ್ಲಿ ಯಾರೂ ಇರುವುದಿಲ್ಲ.

ಮೊನ್ನೆ ಗ್ರಾಫ್ ನೋಡುತ್ತಿದ್ದಾಗ ಮತ್ತೆ ನೆಟ್ ಕಡಿಯಿತು. ಸುರಂಗ ಮತ್ತೆ ಜೋಡಿಸಿ ವ್ಯೂವರ್ ತೆರೆದೆ. ಲೆಕ್ಕಾಚಾರ ಓಡುತ್ತಲೇ ಇತ್ತು, ಮೌಸ್ ಬಾಣ ಬಿಟ್ಟ ಜಾಗದಲ್ಲೇ ನಿಂತಿತ್ತು.