ಮಲೆನಾಡಿನ ಚಿತ್ರ ಬರೆಯುವವರಿಗೆ ಒಂದು ಸಲಹೆ

ಜಲವರ್ಣದಲ್ಲಿ ನಮ್ಮ ಕಡೆ ಗುಡ್ಡ, ತೋಟ ಬರೆಯುವವರು ಪ್ರತಿ ಸಲ ಹೊಸ ಜಾಗ ಹುಡುಕಬೇಡಿ. ತೀರ್ಥಹಳ್ಳಿ ಹತ್ತಿರದ ತುಂಗೆಯ ದಡ ಆಗಬಹುದು, ಮನೆ ಹಿಂದಿನ ಅಡಿಕೆ ತೋಟವೇ ಆಗಬಹುದು, ಒಂದೇ ಜಾಗವನ್ನು ವರ್ಷಪೂರ್ತಿ ಬರೆಯಿರಿ. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಔಷಧಿ ಹೊಡೆದ ಅಡಿಕೆ ಗೊನೆ ಮೇಲೆ ತಿಳಿ ನೀಲಿ ಕೂತಿರುತ್ತದೆ, ಹತ್ತಿರ ಹೋಗಿ ನೋಡಿ. ದೀಪಾವಳಿ ಹೊತ್ತಿಗೆ ಗದ್ದೆ ಹಳದಿಗೆ ತಿರುಗುತ್ತದೆ. ಟ್ಯೂಬಿನ ಹಸಿರನ್ನು ಸುಮ್ನೆ ಹಾಗೇ ಹಚ್ಚಿದರೆ ಪ್ಲಾಸ್ಟಿಕ್ ಥರ ಕಾಣುತ್ತದೆ. ಅಲ್ಟ್ರಾಮರೀನ್ ನೀಲಿಗೆ ಯೆಲ್ಲೋ ಓಕರ್ (ಮಣ್ಣಿನ ಹಳದಿ) ಬೆರೆಸಿ, ದಟ್ಟ ಕಾಡಿಗೆ ಚೂರು ಬರ್ನ್ಟ್ ಸಿಯೆನ್ನಾ (ಕೆಂಪು ಕಂದು) ಸೇರಿಸಿ. ಆಷಾಢದಲ್ಲಿ ಕಾಗದ ಬೇಗ ಒಣಗುವುದೇ ಇಲ್ಲ ಅಲ್ವಾ? 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಹತ್ತಿ ಕಾಗದ ತಗೊಳ್ಳಿ, ಮಂಜನ್ನು ಕಾಗದ ಒದ್ದೆ ಇರುವಾಗಲೇ ಮುಗಿಸಿ, ಚಿತ್ರದ ಮುಂಭಾಗದ ಮರಗಳನ್ನು ಮರುದಿನಕ್ಕೆ ಬಿಡಿ.